ಶತ್ರುವಾದ ವೈನು: 1387ರ ಹಡಗುಗಳ ವಶ ಮತ್ತು ನಷ್ಟದ ಲೆಕ್ಕ

1387ರ ಮಾರ್ಚ್ 24ರಂದು ಇಂಗ್ಲೆಂಡಿನ ಕೆಂಟ್ ಕರಾವಳಿಯ ಮಾರ್ಗೇಟ್ ಬಳಿ ದೊಡ್ಡದೊಂದು ವ್ಯಾಪಾರಿ ಹಡಗುಗಳ ಗುಂಪಿನ ಮೇಲೆ ಇಂಗ್ಲಿಷ್ ನೌಕಾಪಡೆ ಎರಗಿತು. ಫ್ರಾನ್ಸಿನ ಪಶ್ಚಿಮ ತೀರದ ಲಾ ರೋಷೆಲ್ ಬಂದರಿನಲ್ಲಿ ವೈನು ತುಂಬಿಕೊಂಡು ಫ್ಲಾಂಡರ್ಸಿಗೆ ಮರಳುತ್ತಿದ್ದ ಹಡಗುಗಳವು. ದಾಳಿಯ ನಾಯಕ ಅರುಂಡೆಲ್ಲಿನ ಅರ್ಲ್ ರಿಚರ್ಡ್ ಫಿಟ್ಜಲನ್. ತಪ್ಪಿಸಿಕೊಂಡವನ್ನು ಆತ ಫ್ಲಾಂಡರ್ಸಿನ ತೀರದವರೆಗೂ ಬೆನ್ನಟ್ಟಿದ. ಕೈಗೆ ಸಿಕ್ಕ ವೈನಿನ ಪ್ರಮಾಣವನ್ನು ಸಮಕಾಲೀನ ವೃತ್ತಾಂತಕಾರರು ಎಂಟರಿಂದ ಒಂಬತ್ತು ಸಾವಿರ ‘ಟನ್’ ಎಂದು ಬರೆದಿದ್ದಾರೆ.

ಇಲ್ಲಿ ‘ಟನ್’ ಎಂಬುದು ತೂಕವಲ್ಲ, 252 ಗ್ಯಾಲನ್ ಹಿಡಿಯುವ ಪೀಪಾಯಿ; ಇಂದಿನ ಲೆಕ್ಕದಲ್ಲಿ ಸುಮಾರು 950 ಲೀಟರ್. ಒಂದು ಹಡಗಿನಲ್ಲಿ ಇಂಥ ಎಷ್ಟು ಪೀಪಾಯಿ ಹಿಡಿಯುತ್ತವೆ ಎಂಬುದರ ಮೇಲೆ ಅದರ ಗಾತ್ರವನ್ನು ಹೇಳುತ್ತಿದ್ದರು. ನಾವು ಇಂದು ಕಬ್ಬಿನ ಲೋಡಿಗೂ ಕಬ್ಬಿಣಕ್ಕೂ ಬಳಸುವ ‘ಟನ್’ ಶಬ್ದದ ಮೂಲ ಈ ಪೀಪಾಯಿಯೇ. ಎಂಟು ಸಾವಿರವೆಂದು ಹಿಡಿದರೂ ಅಂದು ವಶವಾದದ್ದು 76 ಲಕ್ಷ ಲೀಟರ್ ವೈನು.

ಈ ವೈನು ಶತ್ರುವಿನ ಸರಕಾದ ಬಗೆಯನ್ನು ಕೊಂಚ ವಿವರವಾಗಿ ನೋಡಬೇಕು. 12ನೆಯ ಶತಮಾನದ ಉತ್ತರಾರ್ಧದಲ್ಲಿ ಲಾ ರೋಷೆಲ್ ಇಂಗ್ಲೆಂಡಿನ ದೊರೆಯ ಆಳ್ವಿಕೆಗೇ ಸೇರಿದ್ದ ಊರು. 1224ರಲ್ಲಿ ಫ್ರಾನ್ಸಿನ ದೊರೆ ಅದನ್ನು ಗೆದ್ದುಕೊಂಡ. ಆಮೇಲೆ ಇಂಗ್ಲೆಂಡಿನವರು ತಮ್ಮ ಕೈಯಲ್ಲಿ ಉಳಿದ ಬೋರ್ಡೋ ಕಡೆಗೆ ತಿರುಗಿದರು. ಲಾ ರೋಷೆಲ್ಲಿನ ವೈನಿಗೆ ಫ್ಲಾಂಡರ್ಸ್ ಮುಖ್ಯ ಗಿರಾಕಿಯಾಯಿತು. 1360ರ ಒಪ್ಪಂದದಲ್ಲಿ ಊರು ಮತ್ತೆ ಇಂಗ್ಲೆಂಡಿನ ಪಾಲಾಯಿತು. 1372ರಲ್ಲಿ ಮತ್ತೆ ಫ್ರಾನ್ಸಿಗೆ. ತೋಟ ಅದೇ, ಬಳ್ಳಿ ಅದೇ, ಪೀಪಾಯಿ ಮಾಡುವ ಬಡಗಿಯ ಮಾತೂ ಅದೇ. 1371ರಲ್ಲಿ ಇಂಗ್ಲಿಷ್ ದೊರೆಯ ಪ್ರಜೆಯ ಸೊತ್ತಾಗಿದ್ದ ವೈನು 1373ರ ಹೊತ್ತಿಗೆ ಹಗೆಯ ಸೊತ್ತು. ಊರು ನಿಂತಲ್ಲೇ ನಿಂತಿದ್ದು ಗಡಿ ಮಾತ್ರ ಸರಿಯುವುದೆಂದರೇನು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವರ್ತಕರ ದೃಷ್ಟಿಯಿಂದ ಸಮುದ್ರದ ನಷ್ಟಗಳೆಲ್ಲ ಒಂದೇ ಬಗೆಯವಲ್ಲ. ಲಾ ರೋಷೆಲ್ಲಿಗೆ ಎದುರಿನ ಓಲೆರಾನ್ ದ್ವೀಪದ ಹೆಸರಿನಲ್ಲೇ ಪ್ರಸಿದ್ಧವಾದ ಕಡಲ ಕಟ್ಟಳೆಗಳು ಬಹುಮಟ್ಟಿಗೆ ವೈನಿನ ಸಾಗಣೆಯನ್ನೇ ಕಣ್ಣಮುಂದಿಟ್ಟುಕೊಂಡು ರೂಪುಗೊಂಡವು. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಕೆಲವು ಪೀಪಾಯಿಗಳನ್ನು ನೀರಿಗೆಸೆದರೆ, ಉಳಿದ ಸರಕಿನ ಒಡೆಯರೂ ಆ ನಷ್ಟದಲ್ಲಿ ಪಾಲು ಹೊರಬೇಕು. ಎಸೆದದ್ದು ಅನಿವಾರ್ಯವಾಗಿತ್ತೆಂದು ಹಡಗಿನ ನಾಯಕ ಪ್ರಮಾಣ ಮಾಡಬೇಕು. ನ್ಯಾಯವಾದ ಏರ್ಪಾಡು. ಆದರೆ ಹಗೆಯವರು ವಶಪಡಿಸಿಕೊಂಡ ಸರಕು ಎಲ್ಲರ ಉಳಿವಿಗಾಗಿ ಒಬ್ಬನು ತೆತ್ತದ್ದಲ್ಲವಾದ್ದರಿಂದ ಈ ಹಂಚಿಕೆಯೊಳಗೆ ಬರುವುದಿಲ್ಲ. ಯಾರ ಪೀಪಾಯಿ ಹೋಯಿತೋ ಅವನದೇ ನಷ್ಟ. ಜಿನೋವಾದಂಥ ಇಟಲಿಯ ಪಟ್ಟಣಗಳಲ್ಲಿ ಕಡಲ ವಿಮೆ ಆಗಲೇ ಆರಂಭವಾಗಿತ್ತಾದರೂ ಉತ್ತರದ ವರ್ತಕರಿಗೆ ಅದು ಇನ್ನೂ ರೂಢಿಯಾಗಿರಲಿಲ್ಲ. ಅವರ ಬಳಿಯಿದ್ದ ಉಪಾಯಗಳು ಎರಡು: ಸರಕನ್ನು ಹಲವು ಹಡಗುಗಳಲ್ಲಿ ಹಂಚಿ ಹೇರುವುದು, ಹಡಗುಗಳು ಗುಂಪಾಗಿ ಹೋಗುವುದು. ಇಡೀ ಗುಂಪೇ ಸಿಕ್ಕಿಬಿದ್ದ ದಿನ ಎರಡೂ ನಿಷ್ಫಲ.

ಬೆರೆತ ಸರಕಿನ ತೊಡಕು ಬೇರೆ. ಒಂದು ಹಡಗಿನಲ್ಲಿ ಹಲವು ನಾಡಿನವರ ಸೊತ್ತು ಇರುತ್ತಿತ್ತು. ಕ್ಯಾಟಲಾನ್ ಭಾಷೆಯಲ್ಲಿ ಸಂಕಲಿತವಾದ ‘ಕಾನ್ಸೊಲಾತ್ ದೆಲ್ ಮಾರ್’ ಎಂಬ ಮೆಡಿಟರೇನಿಯನ್ ಕಡಲ ಸಂಹಿತೆ ಇದಕ್ಕೆ ಸ್ಪಷ್ಟ ಪರಿಹಾರ ಹೇಳುತ್ತದೆ. ಮಿತ್ರನ ಹಡಗಿನಲ್ಲಿ ಶತ್ರುವಿನ ಸರಕಿದ್ದರೆ ಸರಕನ್ನು ತೆಗೆದುಕೊಳ್ಳಬಹುದು, ಆದರೆ ಹಡಗಿನವನಿಗೆ ಬಾಡಿಗೆ ಕೊಡಬೇಕು. ಶತ್ರುವಿನ ಹಡಗಿನಲ್ಲಿ ಮಿತ್ರನ ಸರಕಿದ್ದರೆ ಅದನ್ನು ಹಿಂದಿರುಗಿಸಬೇಕು. ಬರಹದಲ್ಲಿ ಇಷ್ಟು ಸರಳ. ಸಮುದ್ರದ ಮೇಲೆ, ಪೀಪಾಯಿಯ ಮೇಲಿನ ಗುರುತನ್ನು ಓದುವವನು ಅದನ್ನು ಬಯಸುವವನೇ ಆಗಿರುತ್ತಾನೆ.

ಆ ಕಾಲದ ವೈನು ಬಾಳಿಕೆಯದಲ್ಲ. ವರ್ಷದೊಳಗೆ ಹುಳಿಯುವ ಸರಕನ್ನು ಬೇಗನೆ ಮಾರಲೇಬೇಕು. ಅಂತೆಯೇ ಇಂಗ್ಲೆಂಡಿನಲ್ಲಿ ವೈನಿನ ಬೆಲೆ ಕುಸಿಯಿತು, ಅರುಂಡೆಲ್ ಜನಪ್ರಿಯನಾದ. ಫ್ರೆಂಚಿನಲ್ಲಿ ವೃತ್ತಾಂತ ಬರೆದ ಫ್ರ್ವಾಸಾರ್ ಇನ್ನೊಂದು ಬದಿಯನ್ನೂ ದಾಖಲಿಸುತ್ತಾನೆ: ಫ್ಲಾಂಡರ್ಸಿನಲ್ಲೂ ನೆರೆನಾಡುಗಳಲ್ಲೂ ಆ ವರ್ಷ ವೈನು ತುಟ್ಟಿಯಾಯಿತು. ಆತ ಎನೋ ನಾಡಿನ ವಲೆನ್ಸಿಯೆನ್ ಊರಿನವನು. ನಾಡು ಜರ್ಮನ್ ಸಾಮ್ರಾಜ್ಯದ್ದು, ಮಾತು ಫ್ರೆಂಚ್, ತಾರುಣ್ಯದಲ್ಲಿ ಆಶ್ರಯ ದೊರೆತದ್ದು ಇಂಗ್ಲೆಂಡಿನ ರಾಣಿಯಿಂದ. ಎರಡೂ ತೀರದ ಬೆಲೆ ಅವನ ಗಮನಕ್ಕೆ ಬಂದದ್ದರಲ್ಲಿ ಈ ಹಿನ್ನೆಲೆಯ ಪಾತ್ರವಿದೆ ಎಂದು ನನ್ನ ಊಹೆ. ಆದರೂ ಒಬ್ಬನ ಹಾನಿ ಇನ್ನೊಬ್ಬನ ಲಾಭ, ಲೋಕದ ರೀತಿ ಇದು ಎಂಬ ಧಾಟಿಯಲ್ಲಿ ಆತ ಮುಂದೆ ಸಾಗಿಬಿಡುತ್ತಾನೆ. ಹಾನಿ ಯಾರದ್ದೆಂದು ಹೆಸರಿಸುವುದಿಲ್ಲ.

ಇದೇ ಕಾಲದಲ್ಲಿ ಲಂಡನ್ನಿನ ವೈನು ವರ್ತಕನೊಬ್ಬನ ಮಗ ‘ಕ್ಯಾಂಟರ್‌ಬರಿ ಕಥೆಗಳು’ ಕೃತಿಯನ್ನು ರೂಪಿಸುತ್ತಿದ್ದ. ಜೆಫ್ರಿ ಚಾಸರ್ 1374ರಿಂದ 1386ರವರೆಗೆ ಲಂಡನ್ ಬಂದರಿನ ಸುಂಕದ ಅಧಿಕಾರಿ. ಅರಮನೆಯ ನುಡಿ ಫ್ರೆಂಚ್, ಸರ್ಕಾರಿ ದಾಖಲೆಗಳ ನುಡಿ ಲ್ಯಾಟಿನ್, ಕಾವ್ಯಕ್ಕೆ ಅವನು ಆರಿಸಿಕೊಂಡದ್ದು ಇಂಗ್ಲಿಷ್. 1373ರಲ್ಲಿ, ಡಾರ್ಟ್‌ಮತ್ ಬಂದರಿನಲ್ಲಿ ತಡೆಹಿಡಿದಿದ್ದ ಜಿನೋವಾದ ಹಡಗೊಂದನ್ನು ಅದರ ನಾಯಕನಿಗೆ ಮರಳಿ ಕೊಡಿಸುವ ಕೆಲಸಕ್ಕೆ ದೊರೆ ಇವನನ್ನೇ ಕಳುಹಿಸಿದ್ದ. ವಶವಾದ ಹಡಗಿನ ಕಾಗದಪತ್ರದ ವ್ಯವಹಾರ ಅವನಿಗೆ ಹೊಸದಲ್ಲ.

ಆ ಕೃತಿಯ ಪೀಠಿಕೆಯಲ್ಲಿ ಬರುವ ನಾವಿಕನೂ ಡಾರ್ಟ್‌ಮತ್ತಿನವನೇ ಇರಬೇಕೆಂದು ಕವಿ ಸೂಚಿಸುತ್ತಾನೆ. ಬೋರ್ಡೋದಿಂದ ಬರುವ ದಾರಿಯಲ್ಲಿ, ಸರಕಿನ ಒಡೆಯ ನಿದ್ದೆ ಹೋದಾಗ, ಅವನ ವೈನನ್ನು ಎಷ್ಟೋ ಸಲ ಬಸಿದುಕೊಂಡವನೀತ; ಕಾದಾಟದಲ್ಲಿ ಗೆದ್ದರೆ ಸೆರೆಸಿಕ್ಕವರನ್ನು ನೀರಿಗೆ ತಳ್ಳುವವನು. ವಿಮರ್ಶಕರು ಸಾಮಾನ್ಯವಾಗಿ ಇಲ್ಲಿನ ವ್ಯಂಗ್ಯವನ್ನೂ ಕ್ರೌರ್ಯವನ್ನೂ ಚರ್ಚಿಸುತ್ತಾರೆ. ನನಗೆ ಮುಖ್ಯವೆನಿಸುವುದು ನಿದ್ರಿಸುತ್ತಿರುವ ಆ ವರ್ತಕ. ವೃತ್ತಾಂತಗಳ ಸಾವಿರಾರು ಪೀಪಾಯಿಗಳ ನಡುವೆ ಕಾಣದ ಒಡೆಯ ಇಲ್ಲಿ ಒಂದು ಕ್ಷಣ, ಮಲಗಿದ ಮನುಷ್ಯನಾಗಿ ಕಾಣಿಸುತ್ತಾನೆ. ಮೇಲಾಗಿ ಇಲ್ಲಿ ಕದಿಯುವವನು ಹಗೆಯ ದೊರೆಯವನಲ್ಲ, ಬಾಡಿಗೆ ಪಡೆದು ಹಡಗು ನಡೆಸುವವನೇ. ಎದ್ದ ಮೇಲೆ ಆ ವರ್ತಕ ಪೀಪಾಯಿಯನ್ನು ತಟ್ಟಿ ನೋಡಿದನೇ, ಯಾರಿಗೆ ದೂರು ಕೊಟ್ಟ ಎಂಬುದನ್ನು ಚಾಸರ್ ಹೇಳುವುದಿಲ್ಲ. ಪದ್ಯ ಅಲ್ಲಿಂದ ನಾವಿಕನ ಉಬ್ಬರವಿಳಿತದ ಲೆಕ್ಕಾಚಾರ, ಬಂದರುಗಳ ತಿಳಿವಳಿಕೆಗಳತ್ತ ಹೊರಳುತ್ತದೆ.