ಸ್ವಂತ ಮೊಬೈಲ್ ಆ್ಯಪ್: ಹಣ ತೊಡಗಿಸುವ ಮುನ್ನ ವರ್ತಕರು ಅರಿಯಬೇಕಾದ ಅಂಶಗಳು

ಆಪಲ್ ಸಂಸ್ಥೆಯ ಆ್ಯಪ್ ಸ್ಟೋರ್ 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆರಂಭವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತೆರೆದ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್, 2012ರಲ್ಲಿ ಗೂಗಲ್ ಪ್ಲೇ ಎಂಬ ಹೆಸರು ಪಡೆಯಿತು. ಇಂದು ಕಾಫಿ ಪುಡಿ ತಯಾರಕರಿಂದ ಹಿಡಿದು ಬಿಡಿಭಾಗಗಳ ವಿತರಕರವರೆಗೆ ಅನೇಕರು ಸ್ವಂತ ಆ್ಯಪ್ ಮಾಡಿಸುವ ಆಲೋಚನೆಯಲ್ಲಿದ್ದಾರೆ. ಹಣ ತೊಡಗಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅವಶ್ಯಕ. ಆ್ಯಪ್‌ನಿಂದ ವರಮಾನ ಬರುವುದು ಯಾವ ದಾರಿಯಲ್ಲಿ? ಸಿದ್ಧವಾದ ಆ್ಯಪ್ ಯಾರ ಸ್ವತ್ತು?

ವರಮಾನದ ಎರಡು ದಾರಿಗಳು

ಮೊದಲನೆಯದು, ಆ್ಯಪ್ ತಾನೇ ಮಾರಾಟದ ಸರಕಾಗುವುದು. ಚಂದಾ, ಆ್ಯಪ್‌ನೊಳಗಿನ ಡಿಜಿಟಲ್ ಖರೀದಿ ಮತ್ತು ಜಾಹೀರಾತು ಇದರ ಆದಾಯ ಮೂಲಗಳು. ಡಿಜಿಟಲ್ ಮಾರಾಟದ ಮೇಲೆ ಈ ಮಳಿಗೆಗಳು ಆರಂಭದಲ್ಲಿ ಶೇ. 30ರಷ್ಟು ಕಮಿಷನ್ ಪಡೆಯುತ್ತಿದ್ದವು. 2021ರಲ್ಲಿ ಎರಡೂ ಸಂಸ್ಥೆಗಳು ವಾರ್ಷಿಕ 10 ಲಕ್ಷ ಡಾಲರ್‌ವರೆಗೆ ಗಳಿಸುವ ಸಣ್ಣ ತಯಾರಕರಿಗೆ ಇದನ್ನು ಶೇ. 15ಕ್ಕೆ ಇಳಿಸಿದವು. ದರಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಒಪ್ಪಂದಕ್ಕೆ ಮುನ್ನ ಅವನ್ನು ಪರಿಶೀಲಿಸತಕ್ಕದ್ದು.

ಎರಡನೆಯದು, ಆ್ಯಪ್ ಅಂಗಡಿಯ ವಿಸ್ತರಣೆಯಾಗುವುದು. ಅನೇಕರ ಗಮನಕ್ಕೆ ಬಾರದ ಸಂಗತಿಯೆಂದರೆ, ಭೌತಿಕ ಸರಕುಗಳ ಮಾರಾಟಕ್ಕೆ ಈ ಕಮಿಷನ್ ಅನ್ವಯಿಸುವುದಿಲ್ಲ. ಶೇ. 15ರ ದರದಲ್ಲಿ 500 ರೂ.ಗಳ ಡಿಜಿಟಲ್ ಪಾಠವನ್ನು ಮಾರಿದರೆ 75 ರೂ. ಮಳಿಗೆಗೆ ಸಲ್ಲುತ್ತದೆ, 500 ರೂ.ಗಳ ಕಾಫಿ ಪುಡಿಯನ್ನು ಮಾರಿದರೆ ಅದಕ್ಕೆ ಏನೂ ಸಲ್ಲಬೇಕಿಲ್ಲ. ಪಾವತಿ ಸೌಲಭ್ಯ ಒದಗಿಸುವವರ ಶುಲ್ಕ ಮಾತ್ರ ಬೇರೆ.

ಯಾರಿಗೆ ಅನುಕೂಲ?

ಗಿರಾಕಿಗಳು ಪದೇ ಪದೇ ಖರೀದಿಸುವ ವ್ಯಾಪಾರಕ್ಕೆ ಆ್ಯಪ್ ಹೆಚ್ಚು ಹೊಂದುತ್ತದೆ. ಚಿಲ್ಲರೆ ವರ್ತಕರು ವಾರಕ್ಕೊಮ್ಮೆ ಬೇಡಿಕೆ ಸಲ್ಲಿಸುವ ವಿತರಕರಿಗೆ ದಾಸ್ತಾನು, ಬಾಕಿ ಮೊತ್ತ ಮತ್ತು ಹೊಸ ದರಪಟ್ಟಿಯನ್ನು ಒಂದೇ ಕಡೆ ತೋರಿಸಲು ಅದು ನೆರವಾಗುತ್ತದೆ. ಆದರೆ ಹಲವು ವರ್ಷಗಳಿಗೊಮ್ಮೆ ಕೊಳ್ಳುವ ಕಪಾಟು ಅಥವಾ ಪಂಪ್‌ಸೆಟ್‌ಗಾಗಿ ಗಿರಾಕಿಯು ಆ್ಯಪ್ ಉಳಿಸಿಕೊಳ್ಳುವುದು ಅಪರೂಪ. ಅಂತಹವರಿಗೆ 2018ರಲ್ಲಿ ಬಿಡುಗಡೆಯಾದ ಉಚಿತ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಸರಕುಪಟ್ಟಿಯೇ ಸಾಕಾಗಬಹುದು.

ಮಾಲೀಕತ್ವದ ಪ್ರಶ್ನೆ

ಗೂಗಲ್ ಪ್ಲೇ ಖಾತೆಯ ನೋಂದಣಿಗೆ ಒಮ್ಮೆ ಮಾತ್ರ 25 ಡಾಲರ್, ಆಪಲ್‌ನ ಖಾತೆಗೆ ವರ್ಷಕ್ಕೆ 99 ಡಾಲರ್ ಶುಲ್ಕವಿದೆ. ಈ ಸಣ್ಣ ಮೊತ್ತ ಉಳಿಸಲು ಕೆಲವರು ಆ್ಯಪ್ ತಯಾರಕರ ಖಾತೆಯಲ್ಲಿಯೇ ಪ್ರಕಟಿಸಲು ಸಮ್ಮತಿಸುತ್ತಾರೆ. ಮುಂದೆ ಭಿನ್ನಾಭಿಪ್ರಾಯ ಬಂದು ತಯಾರಕರು ಆ್ಯಪ್ ವರ್ಗಾಯಿಸದಿದ್ದರೆ, ಹೊಸ ಆ್ಯಪ್ ಪ್ರಕಟಿಸಿ ಪ್ರತಿಯೊಬ್ಬ ಗಿರಾಕಿಯನ್ನೂ ಮತ್ತೆ ಕರೆತರಬೇಕಾಗುತ್ತದೆ; ಗಳಿಸಿದ ಅಭಿಪ್ರಾಯ, ಅಂಕಗಳೂ ಕೈತಪ್ಪುತ್ತವೆ. ಆದ್ದರಿಂದ ಖಾತೆಯು ನಿಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ.

ಹಣ ಕೊಟ್ಟ ಮಾತ್ರಕ್ಕೆ ತಂತ್ರಾಂಶ ನಮ್ಮದಾಯಿತೆಂಬ ಭಾವನೆಯೂ ತಪ್ಪು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಗುತ್ತಿಗೆಯ ಮೇಲೆ ತಂತ್ರಾಂಶ ರಚಿಸಿಕೊಟ್ಟವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಹಕ್ಕು ನಿಮಗೆ ಬರಲು ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ನಮೂದಾಗದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಾಗದಿದ್ದರೆ ಭಾರತವೆಂದೂ ಪರಿಗಣಿಸಲಾಗುತ್ತದೆ. ಪೂರ್ಣ ಅವಧಿಯ ಹಕ್ಕು ವರ್ಗಾವಣೆ ಹಾಗೂ ಸೋರ್ಸ್ ಕೋಡ್ ಹಸ್ತಾಂತರವನ್ನು ಕರಾರಿನಲ್ಲಿ ಸ್ಪಷ್ಟವಾಗಿ ಸೇರಿಸಬೇಕು. ಕೊನೆಯ ಕಂತನ್ನು ಹಸ್ತಾಂತರದ ನಂತರವೇ ಪಾವತಿಸುವುದು ಕ್ಷೇಮ.

ನಿರ್ವಹಣೆ ಮತ್ತು ಕಾನೂನು

ಆ್ಯಪ್ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ಪರಿಷ್ಕರಿಸದ ಆ್ಯಪ್‌ಗಳು ಹೊಸ ಫೋನ್‌ಗಳ ಗಿರಾಕಿಗಳಿಗೆ ಗೂಗಲ್ ಪ್ಲೇನಲ್ಲಿ ಕಾಣಿಸದೆ ಹೋಗುತ್ತವೆ. ವಾರ್ಷಿಕ ನಿರ್ವಹಣಾ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ ದೂರು ಸ್ವೀಕರಿಸಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ ಸಂಗ್ರಹಿಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಅರಿತಿರಬೇಕು. ಸ್ವಂತ ಸರಕಷ್ಟೇ ಅಲ್ಲದೆ ಇತರ ವರ್ತಕರ ಸರಕನ್ನೂ ಅವರ ಪರವಾಗಿ ಮಾರಿ, ಹಣ ವಸೂಲಿ ಮಾಡಿಕೊಟ್ಟರೆ ಜಿ.ಎಸ್.ಟಿ. ಅಡಿಯಲ್ಲಿ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ಹೊಣೆ ಬರುತ್ತದೆ. 2024ರ ಜುಲೈ 10ರಂದು ಇದರ ದರವನ್ನು ಶೇ. 1ರಿಂದ ಶೇ. 0.5ಕ್ಕೆ ಇಳಿಸಲಾಯಿತು. ಈ ವಿಷಯದಲ್ಲಿ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಸೂಕ್ತ.

ಮಳಿಗೆಯೊಂದನ್ನು ಬಾಡಿಗೆಗೆ ಹಿಡಿಯುವಾಗ ಕರಾರು ಪತ್ರದ ಪ್ರತಿ ಸಾಲನ್ನೂ ಓದುವ ನಮ್ಮ ವರ್ತಕ ಬಾಂಧವರು, ಆ್ಯಪ್ ಮಾಡಿಸುವಾಗಲೂ ಅದೇ ಎಚ್ಚರ ವಹಿಸಿದರೆ ತೊಡಗಿಸಿದ ಹಣವೂ ಗಳಿಸಿದ ಗಿರಾಕಿಗಳೂ ಅವರಲ್ಲಿಯೇ ಉಳಿಯುವುದು ಸಾಧ್ಯ.