ಹೊಟ್ಟೆಕಿಚ್ಚು ಬಂದರೆ ಏನು ಮಾಡಬೇಕು?



ಕಿಚ್ಚು ಎಂದರೆ ಬೆಂಕಿ. ಅದು ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ. ಹೊಟ್ಟೆಯಲ್ಲಿದ್ದರೆ ಮೊದಲು ನಮ್ಮನ್ನು ಸುಡುತ್ತದೆ, ಆಮೇಲೆ ಮನೆಯನ್ನು. ಇದು ಹೊರಗಿನವರಿಗಿಂತ ಒಡಹುಟ್ಟಿದವರ ಮೇಲೇ ಬೇಗ ಬರುತ್ತದೆ. ಯಾಕೆಂದರೆ ಅವನಿಗೆಷ್ಟು ಸಿಕ್ಕಿತು, ನನಗೆಷ್ಟು ಅಂತ ದಿನಾ ನೋಡ್ತಾನೇ ಇರ್ತೀವಿ. ನನಗೂ ಬಂದಿತ್ತು. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಕ್ರೈಸ್ತರ ಪವಿತ್ರ ಗ್ರಂಥ ಬೈಬಲ್. ಅದರ ಮೊದಲನೇ ಪುಸ್ತಕವಾದ ಆದಿಕಾಂಡದಲ್ಲಿ ಒಂದು ಮನೆಯ ಕಥೆ ಇದೆ. ಯಾಕೋಬನಿಗೆ 12 ಗಂಡುಮಕ್ಕಳು. 11ನೆಯವನಾದ ಯೋಸೇಫನ ಮೇಲೆ ಅಪ್ಪನಿಗೆ ಪ್ರೀತಿ ಜಾಸ್ತಿ. ಅವನಿಗೊಬ್ಬನಿಗೇ ಚೆಂದದ ನಿಲುವಂಗಿ ಮಾಡಿಸಿಕೊಟ್ಟ. ಅಣ್ಣಂದಿರು ಅವನ ಜೊತೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟರು. ಒಂದು ದಿನ ಅವನನ್ನು ಹಿಡಿದು ನೀರಿಲ್ಲದ ಗುಂಡಿಗೆ ಹಾಕಿದರು. ಯೂದ ಎಂಬ ಅಣ್ಣ "ಮಾರಿಬಿಡೋಣ" ಎಂದ. 20 ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ವ್ಯಾಪಾರಿಗಳಿಗೆ ಮಾರಿದರು. ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸಿದರು. ಮಗ ಸತ್ತನೆಂದು ಅಪ್ಪ ಅತ್ತ. ಅವರಿಗೆ ಅಪ್ಪನ ಪ್ರೀತಿ ಬೇಕಿತ್ತು, ಸಿಕ್ಕಿದ್ದು ಅಪ್ಪನ ಕಣ್ಣೀರು.

20 ವರ್ಷಕ್ಕಿಂತ ಹೆಚ್ಚು ಕಾಲ ಆಯಿತು. ಬರಗಾಲ ಬಂತು. ಅಣ್ಣಂದಿರು ಧಾನ್ಯ ಕೊಳ್ಳಲು ಐಗುಪ್ತಕ್ಕೆ, ಅಂದರೆ ಈಗಿನ ಈಜಿಪ್ಟಿಗೆ ಹೋದರು. ಅಲ್ಲಿ ಯೋಸೇಫನೇ ದೊಡ್ಡ ಅಧಿಕಾರಿ! ಅವರಿಗೆ ಗುರುತು ಸಿಗಲಿಲ್ಲ. ಎರಡನೇ ಸಲ ಕೊನೆಯ ತಮ್ಮ ಬೆನ್ಯಾಮೀನನನ್ನೂ ಕರೆದುಕೊಂಡು ಹೋದರು. ಯೋಸೇಫ ಊಟಕ್ಕೆ ಕೂರಿಸಿ ಬೆನ್ಯಾಮೀನನಿಗೆ ಮಾತ್ರ 5 ಪಟ್ಟು ಬಡಿಸಿದ. ಆಮೇಲೆ ತನ್ನ ಬೆಳ್ಳಿ ಬಟ್ಟಲನ್ನು ಅವನ ಚೀಲದಲ್ಲಿ ಇಡಿಸಿ, "ಇವನು ನನ್ನ ದಾಸನಾಗಬೇಕು" ಎಂದ. ಆಗ ಅದೇ ಯೂದ ಮುಂದೆ ಬಂದು, "ಇವನನ್ನು ಬಿಡಿ, ಬದಲಿಗೆ ನಾನು ದಾಸನಾಗಿ ಇರ್ತೀನಿ, ಅಪ್ಪ ದುಃಖದಿಂದ ಸತ್ತು ಹೋಗ್ತಾರೆ" ಎಂದು ಬೇಡಿಕೊಂಡ. ಯೋಸೇಫ ಜೋರಾಗಿ ಅತ್ತು, ತಾನು ಯಾರೆಂದು ಹೇಳಿ ಎಲ್ಲರನ್ನೂ ಕ್ಷಮಿಸಿದ.

ಇಲ್ಲಿ ಒಂದು ವಿಷಯ ಗಮನಿಸಿ. ಅಪ್ಪ ಬದಲಾಗಿರಲಿಲ್ಲ. ಆಗಲೂ ಕಿರಿಯವನ ಮೇಲೇ ಪ್ರೀತಿ ಜಾಸ್ತಿ. ಬದಲಾದವನು ಯೂದ. ಮನೆಯಲ್ಲಿ ಎಲ್ಲ ಸಮನಾಗಲಿ ಅಂತ ಕಾಯುತ್ತಾ ಕೂತರೆ ಕಿಚ್ಚು ಆರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. "ನನಗೆ ಹೊಟ್ಟೆಕಿಚ್ಚು ಬಂದಿದೆ" ಎಂದು ಪ್ರಾರ್ಥನೆಯಲ್ಲಿ ದೇವರಿಗೆ ನಿಜ ಹೇಳಬೇಕು.
2. ಬೇಜಾರನ್ನು ಒಳಗೇ ಇಟ್ಟುಕೊಳ್ಳದೆ ಅಪ್ಪ ಅಮ್ಮನಿಗೆ ಹೇಳಬೇಕು. ಅವರೂ ಮಕ್ಕಳಲ್ಲಿ ಭೇದ ಮಾಡಬಾರದು.
3. ಯಾರ ಮೇಲೆ ಕಿಚ್ಚೋ ಅವರಿಗೇ ಒಂದು ಸಹಾಯ ಮಾಡಬೇಕು, ಯೂದನ ಹಾಗೆ.

ಈಗ ನನ್ನ ವಿಷಯ. ಅಪ್ಪ ತಮ್ಮನಿಗೆ ಹೊಸ ಸೈಕಲ್ ಕೊಡಿಸಿದರು. ನನಗೆ ಹಳೇದೇ. ಒಂದು ದಿನ ಯಾರಿಗೂ ಕಾಣದ ಹಾಗೆ ಅದರ ಗಾಳಿ ಬಿಟ್ಟೆ. ಅವನು ಬಿಸಿಲಲ್ಲಿ ಅದನ್ನು ತಳ್ಳಿಕೊಂಡು ಹೋದ. ನೋಡಿ ಖುಷಿ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಅವನೂ ಇದೇ ಶಾಲೆ, ಇದನ್ನು ಓದುತ್ತಾನೆ. ಅದಕ್ಕೇ ಗೋಡೆಗೆ ಅಂಟಿಸುವ ಮೊದಲೇ ನಿಜ ಹೇಳಿಬಿಟ್ಟೆ. ಸಿಟ್ಟು ಮಾಡಿಕೊಂಡ. ಆಮೇಲೆ ಪಂಪು ತಂದು ಕೈಗೆ ಕೊಟ್ಟು, "ಹಂಗಾದ್ರೆ ಈಗ ನೀನೇ ಹೊಡಿ" ಅಂದ.

ಎರಡೂ ಚಕ್ರಕ್ಕೆ ಹೊಡೆದೆ.

— 7ನೇ ತರಗತಿ