ಸೀಸೆಯ ಬೂಚು, ಅಜ್ಜ ನೆಟ್ಟ ಮರ

ವೈನ್ ಸೀಸೆಯ ಬೂಚಿನ ಬಗ್ಗೆ ಒಣಬೇಸಾಯದ ರೈತ ಯಾಕೆ ಬರೆಯಬೇಕು ಎಂದು ಕೇಳಬಹುದು. ನಾನು ವೈನ್ ಕುಡಿಯುವವನೂ ಅಲ್ಲ. ಆದರೆ ಆ ಬೂಚು ಮರದಲ್ಲಿ ಬೆಳೆಯುವಂಥದು. ಆ ಮರ ಇರುವುದು ಮಳೆ ಕಡಿಮೆ ಬೀಳುವ ನೆಲದಲ್ಲಿ. ಪೇಟೆಯವರು ಮುಚ್ಚಳ ಬದಲಾಯಿಸಿದರೆ ಹೊಲದ ಮರದ ಗತಿ ಏನು? ಇದು ನಮಗೂ ಸಂಬಂಧಪಟ್ಟ ಪ್ರಶ್ನೆ.

ಮರದ ಹೆಸರು ಕಾರ್ಕ್ ಓಕ್. ನಮ್ಮಲ್ಲಿ ಆಕಾಶಮಲ್ಲಿಗೆಗೆ ಬಿರಟೆ ಮರ ಅಂತಾರಲ್ಲ, ಅದು ಬೇರೆ ಜಾತಿ. ಕಾರ್ಕ್ ಓಕ್ ಇರುವುದು ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ ಕಡೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಅಲ್ಲಿನ ಅಲೆಂತೆಜೊ ಸೀಮೆಯಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಪೂರಾ ಒಣ. ಮರಗಳ ನಡುವೆ ಕುರಿ, ದನ, ಹಂದಿ ಮೇಯುತ್ತವೆ. ಉದುರಿದ ಓಕ್ ಕಾಯಿ ಹಂದಿಗೆ ಮೇವು. ಹಿಡುವಳಿಗಳು ಮಾತ್ರ ನಮ್ಮಂತೆ ಸಣ್ಣವಲ್ಲ, ದೊಡ್ಡವೇ ಹೆಚ್ಚು.

ಕಾಯುವ ಬೆಳೆ

ಈ ಮರವನ್ನು ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ. ಬೇರೆ ಮರಕ್ಕೆ ಸುತ್ತಲೂ ತೊಗಟೆ ತೆಗೆದರೆ ಒಣಗಿ ಹೋಗುತ್ತದೆ. ಇದರಲ್ಲಿ ಹೊರಗಿನ ಬೆಂಡು ಮಾತ್ರ ಬಿಡುತ್ತದೆ, ಒಳತೊಗಟೆ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೆಂಡು ಬೆಳೆಯುತ್ತದೆ. ಸುಲಿಯುವುದು ಮೇ ತಿಂಗಳಿಂದ ಆಗಸ್ಟ್‌ವರೆಗೆ, ಕೊಡಲಿಯಿಂದ. ಪಳಗಿದ ಕೈಯೇ ಬೇಕು. ಏಟು ಒಳತೊಗಟೆಗೆ ಬಿದ್ದರೆ ಮರ ಗಾಯಗೊಳ್ಳುತ್ತದೆ. ಅದಕ್ಕೇ ಅಲ್ಲಿ ಹೊಲದ ಕೂಲಿಗಳಲ್ಲೆಲ್ಲ ಇವರದು ಮೇಲಿನ ಕೂಲಿ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಮರದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ.

ಲೆಕ್ಕ ನೋಡಿ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ಆಗಬೇಕು. ಆಮೇಲೆ 9 ವರ್ಷಕ್ಕೊಮ್ಮೆ. ಅದಕ್ಕೆ ಮುಂಚೆ ಸುಲಿಯಲು ಪೋರ್ಚುಗಲ್ಲಿನ ಕಾನೂನು ಬಿಡುವುದಿಲ್ಲ. ಮೊದಲೆರಡು ಸುಲಿತದ ಬೆಂಡು ಒರಟು, ಬೂಚಿಗೆ ಬರುವುದಿಲ್ಲ. ಮೂರನೆಯದೇ ಬೂಚಿಗೆ ಆಗುವುದು. ಅಂದರೆ ನೆಟ್ಟು 43 ವರ್ಷ! ನೆಟ್ಟವನಿಗಿಂತ ಮಕ್ಕಳು ಮೊಮ್ಮಕ್ಕಳಿಗೇ ಅದರ ಫಲ.

ಬೂಚು ಕೆಟ್ಟ ಕಥೆ

ಬೆಂಡಿನಲ್ಲಿ ಗಾಳಿ ತುಂಬಿದ ಕೋಶಗಳಿವೆ. 24 ಮಿ.ಮೀ. ದಪ್ಪದ ಬೂಚನ್ನು ಒತ್ತಿ ಸುಮಾರು 18 ಮಿ.ಮೀ. ಬಾಯಿಗೆ ತುರುಕುತ್ತಾರೆ. ಅದು ಹಿಗ್ಗಿ ಗಾಜಿಗೆ ಭದ್ರವಾಗಿ ಕೂರುತ್ತದೆ. ಆದರೆ ಒಂದು ದೋಷ. ಕೆಲವು ಸೀಸೆಗಳ ವೈನಿಗೆ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ. 1981ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಟಿ.ಸಿ.ಎ. ಎಂಬ ವಸ್ತು ಅದು. ಕ್ಲೋರಿನ್ ಸೇರಿದ ವಸ್ತುಗಳ ಮೇಲೆ ಬೂಷ್ಟು ಕೆಲಸ ಮಾಡಿದಾಗ ಹುಟ್ಟುತ್ತದೆ. ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಬೂಚು ಬೆಳ್ಳಗಾಗಲೆಂದು ಕ್ಲೋರಿನ್ನಿನಲ್ಲಿ ತೊಳೆಯುತ್ತಿದ್ದುದೂ ಒಂದು ಕಾರಣವಾಗಿತ್ತು.

ಕೊಳ್ಳುವವರು ವರ್ಷಗಟ್ಟಲೆ ದೂರಿದರು. ಬೂಚಿನ ಕಡೆಯವರು ಬೇಗ ಎಚ್ಚರಗೊಳ್ಳಲಿಲ್ಲ. 2000ದಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ವೈನ್ ಮಾಡುವವರು ಒಟ್ಟಾಗಿ ಅಲ್ಯುಮಿನಿಯಮ್ ತಿರುಪಿನ ಮುಚ್ಚಳಕ್ಕೆ ಹೋದರು. 2001ರಲ್ಲಿ ನ್ಯೂಜಿಲೆಂಡಿನವರೂ ಹಿಂಬಾಲಿಸಿದರು. ಅಲ್ಲಿ ಈಗ ತಿರುಪೇ ರೂಢಿ. ಪ್ಲಾಸ್ಟಿಕ್ ಬೂಚೂ ಬಂತು.

ಯಾವುದು ಒಳ್ಳೆಯದು?

ತಿರುಪಿನ ಮುಚ್ಚಳ ಅಗ್ಗ, ತೆರೆಯುವುದು ಸುಲಭ, ಬೂಚಿನ ವಾಸನೆಯ ಭಯವಿಲ್ಲ. ಆದರೆ ಬೇರೆ ಸೀಸೆ, ಬೇರೆ ಯಂತ್ರ ಬೇಕು. ಒಳಪದರ ಗಾಳಿಯನ್ನು ಬಹಳ ಬಿಗಿಯಾಗಿ ತಡೆಯುವಂಥದಾದರೆ ಕೆಲವು ವೈನಿಗೆ ಗಂಧಕದ ವಾಸನೆ ಬರುವುದುಂಟು. ಪ್ಲಾಸ್ಟಿಕ್ ಬೂಚು ಅಗ್ಗ, ಆದರೆ ಹಳೆಯ ಮಾದರಿಗಳು ಗಾಳಿ ಒಳಗೆ ಬಿಟ್ಟಿದ್ದರಿಂದ ಬೇಗ ಕುಡಿದು ಮುಗಿಸುವ ವೈನಿಗಷ್ಟೇ ಸರಿ ಎನಿಸಿದವು. ಮರದ ಬೂಚು ದುಬಾರಿ, ಒಂದರಂತೆ ಇನ್ನೊಂದಿಲ್ಲ. ಆದರೆ ಹತ್ತಾರು ವರ್ಷ ಇಡುವ ವೈನಿಗೆ ಇಂದಿಗೂ ಹೆಚ್ಚಿನವರು ಅದನ್ನೇ ನಂಬುತ್ತಾರೆ. ಕಾರ್ಕಿಗೆ ಬೆಲೆ ಇದ್ದರೆ ಮರಕ್ಕೂ ಆರೈಕೆ ಸಿಗುತ್ತದೆ. ಕಡಿಯಲು ಕಾನೂನು ಬಿಡದಿದ್ದರೂ, ಲಾಭವಿಲ್ಲದ ಮರವನ್ನು ಯಾರು ನೋಡಿಕೊಳ್ಳುತ್ತಾರೆ?

ಪೆಟ್ಟು ಬಿದ್ದ ಮೇಲೆ ಬೂಚಿನವರು ತಿದ್ದಿಕೊಂಡರು. ಕ್ಲೋರಿನ್ ಬಿಟ್ಟರು. ತೊಗಟೆಯನ್ನು ಬರಿ ಮಣ್ಣಿನ ಮೇಲೆ ಒಟ್ಟುವುದು ತಪ್ಪಿಸಿದರು. ಹಬೆಯಲ್ಲಿ ತೊಳೆದರು. ಒಳ್ಳೆಯ ಬೂಚನ್ನು ಒಂದೊಂದಾಗಿ ಯಂತ್ರದಲ್ಲಿ ಪರೀಕ್ಷಿಸುವಷ್ಟು ಮುಂದುವರಿದರು. ಹೀಗೆ ಮಾರುಕಟ್ಟೆ ಉಳಿಯಿತು. ಆದರೆ ತಿರುಪಿಗೆ ಹೋದವರಲ್ಲಿ ಬಹಳ ಜನ ವಾಪಸು ಬರಲಿಲ್ಲ.

ಇದನ್ನು ತಿಳಿದಾಗ ನನಗೆ ನನ್ನ ಹುಣಸೆ ನೆನಪಾಯಿತು. ನಮ್ಮ ಬದುವಿನ ಮರಗಳು ಅಜ್ಜ ನೆಟ್ಟವು. ಒಂದು ವರ್ಷ ಹಣ್ಣನ್ನು ತಂಪು ನೆಲದ ಮೇಲೆ ಒಟ್ಟಿದ್ದೆ. ಕೊಳ್ಳುವವನು ಮೂಸಿ ನೋಡಿ ‘ಮುಗ್ಗಲು ಹಿಡಿದಿದೆ’ ಅಂದ. ಬೆಲೆ ಇಳಿಸೋಕೆ ನೆಪ ಹೇಳ್ತಾನೆ ಅಂತ ಜಗಳ ಆಡಿದೆ. ಮನೆಗೆ ಬಂದು ನಾನೇ ಮೂಸಿದೆ. ಅವನು ಹೇಳಿದ್ದು ನಿಜವಿತ್ತು. ಮರು ವರ್ಷದಿಂದ ಅಟ್ಟಣೆ ಹಾಕಿ, ಚೆನ್ನಾಗಿ ಒಣಗಿಸಿ ಇಡುತ್ತಿದ್ದೇನೆ. ಅವನು ಮಾತ್ರ ಮತ್ತೆ ನಮ್ಮ ಮನೆಗೆ ಬಂದಿಲ್ಲ.

ಮರ ಬೆಳೆಯಲು ಎರಡು ತಲೆಮಾರು ಬೇಕು. ಗಿರಾಕಿ ಹೋಗಲು ಒಂದು ಸುಗ್ಗಿ ಸಾಕು. ಕೊಳ್ಳುವವನು ದೂರಿದಾಗ ಸಿಟ್ಟಾಗುವ ಮೊದಲು ನಮ್ಮ ಮಾಲನ್ನು ನಾವೇ ಒಮ್ಮೆ ಮೂಸಿ ನೋಡೋಣ.